ನೋಡಲು ಕೋಡುಬಳೆ, ಕಚ್ಚಿದರೆ ಬೆಲ್ಲ

*ಖಾರದ ತಿಂಡಿಯ ವೇಷ ತೊಟ್ಟ ಸಿಹಿಗಳು ನಮಗೆ ಹೊಸವಲ್ಲ. ಘಾಟಿ ಜಾತ್ರೆಯ ಕಲ್ಯಾಣಸೇವೆ, ಸಂಕ್ರಾಂತಿಯ ಸಕ್ಕರೆ ಅಚ್ಚು, ತೂಬಗೆರೆಯ ಹಲಸು, ಮನೆಮನೆಯ ರಾಗಿ ಹುರಿಹಿಟ್ಟು: ಈ ಆಟಕ್ಕೆ ಬೇಕಾದ ಸಾಮಾನೆಲ್ಲ ನಮ್ಮಲ್ಲೇ ಇದೆ.*

ಘಾಟಿ ಜಾತ್ರೆ ಮುಗಿಸಿ ಬಂದ ಸಂಜೆ ಅಜ್ಜಿ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಕಡ್ಲೆಪುರಿ ಸುರಿದು, ಅದಕ್ಕೆ ಖಾರ ಬೆರೆಸಿ, ಬೆಂಡು–ಬತ್ತಾಸನ್ನು ಒಂದು ಮೂಲೆಗೆ ಸರಿಸಿ, ಅಕ್ಕಪಕ್ಕದ ಮನೆಗಳಿಗೆ ಪಾಲು ಹಾಕುವುದು ಅವಳ ಕೆಲಸ. ಸಂದು ನೋಡಿ ಮೊರಕ್ಕೆ ಕೈ ಹಾಕುವುದು ನಮ್ಮ ಕೆಲಸ. ಐದಾರು ವರ್ಷದವನಿದ್ದಾಗ ಒಮ್ಮೆ ಕಡ್ಡಿಕಡ್ಡಿಯಾಗಿದ್ದ ಖಾರಸೇವೆಯನ್ನು ಹಿಡಿ ತುಂಬ ತೆಗೆದು ಬಾಯಿಗೆ ತುಂಬಿಕೊಂಡೆ. ನಾಲಿಗೆ ಖಾರಕ್ಕೆ ಅಣಿಯಾಗಿತ್ತು. ಬಂದದ್ದು ಸಿಹಿ. ಅಗಿಯುವುದನ್ನೇ ಮರೆತು ನಿಂತುಬಿಟ್ಟೆ.

"ಅದು ಕಲ್ಯಾಣಸೇವೆ ಕಣಪ್ಪ, ಖಾರ ಅಲ್ಲ. ತಿನ್ನು, ಏನೂ ಆಗಲ್ಲ" ಎಂದು ಅಜ್ಜಿ ನಕ್ಕಳು.

ಆ ನಗು ನನಗಿನ್ನೂ ನೆನಪಿದೆ. ಮೋಸ ಹೋದ ಸಿಟ್ಟು ಬರಲಿಲ್ಲ. ಮಾರನೆಯ ದಿನ ಅದೇ ಸೇವೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ನನ್ನ ಜೊತೆಯ ಹುಡುಗನಿಗೆ "ಖಾರ ತಿಂತೀಯೇನೋ?" ಎಂದು ಕೊಟ್ಟೆ. ಅವನ ಮುಖದ ಮೇಲೆ ಅಚ್ಚರಿ ಅರಳಿದ್ದನ್ನು ನೋಡಿದಾಗ ನನಗೆ ಸಿಕ್ಕ ಸುಖ, ನಾನೇ ತಿಂದಾಗಿನದಕ್ಕಿಂತ ದೊಡ್ಡದು.

ಇವತ್ತು ಇಡ್ಲಿಯಂತೆ ಕಾಣುವ ಬರ್ಫಿ, ಬರ್ಗರಿನಂತೆ ಕಾಣುವ ಜೆಲ್ಲಿ, ಬಿರಿಯಾನಿ ಹಂಡೆಯಂತೆ ಕಾಣುವ ಕೇಕು ಮೊಬೈಲಿನ ತುಂಬ ಓಡಾಡುತ್ತಿವೆ. ಮಕ್ಕಳು ಅವನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಇದೆಲ್ಲ ಎಲ್ಲಿಂದಲೋ ಬಂದ ಹೊಸ ಹುಚ್ಚು ಎಂದು ಹಿರಿಯರು ಭಾವಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಈ ಆಟ ನಮ್ಮ ಜಾತ್ರೆಯ ಮೊರದಲ್ಲಿ ಮೊದಲೇ ಇತ್ತು.

ಜಾತ್ರೆಯ ಮೊರದಲ್ಲಿ

ತೂಬಗೆರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಘಾಟಿ ಸುಬ್ರಹ್ಮಣ್ಯ ಕ್ಷೇತ್ರ ಇದೇ ಹೋಬಳಿಯಲ್ಲಿದೆ. ಪುಷ್ಯ ಶುದ್ಧ ಷಷ್ಠಿಯಂದು ಅಲ್ಲಿ ಬ್ರಹ್ಮರಥೋತ್ಸವ. ಆ ಹೊತ್ತಿಗೆ ನಡೆಯುವ ದನಗಳ ಜಾತ್ರೆಗೆ ಸುತ್ತಲ ಜಿಲ್ಲೆಗಳಿಂದ ರೈತರು ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ಡಿಸೆಂಬರ್ ಕೊನೆ ಇಲ್ಲವೇ ಜನವರಿಯ ಚಳಿ. ಜಾತ್ರೆಯ ಹಿಂದೆಯೋ ಮುಂದೆಯೋ ಸಂಕ್ರಾಂತಿ. ಹೀಗಾಗಿ ಈ ಸೀಮೆಯಲ್ಲಿ ಸಕ್ಕರೆ, ಬೆಲ್ಲ, ಎಳ್ಳುಗಳ ಕಾಲ ಒಟ್ಟಿಗೇ ಬರುತ್ತದೆ.

ಕಲ್ಯಾಣಸೇವೆಯ ಗುಟ್ಟು ಸರಳ. ಹಿಟ್ಟನ್ನು ಸೇವೆಯಂತೆ ಒತ್ತಿ ಎಣ್ಣೆಯಲ್ಲಿ ಕರಿದು, ಆಮೇಲೆ ಗಟ್ಟಿ ಪಾಕದಲ್ಲಿ ಹೊರಳಿಸುತ್ತಾರೆ. ಪಾಕ ಆರಿದಂತೆ ಕಡ್ಡಿಯ ಮೇಲೆ ಒಂದು ಪದರ ಕಟ್ಟುತ್ತದೆ. ಒಳಗೆ ಖಾರಸೇವೆಯದೇ ಗರಿಗರಿ, ಹೊರಗೆ ಸಿಹಿ. ಆಕಾರ ಖಾರದ್ದು, ರುಚಿ ಮಾತ್ರ ಬೇರೆ. ಘಾಟಿಯ ಗರ್ಭಗುಡಿಯಲ್ಲಿ ಒಂದೇ ಶಿಲೆಯ ಮುಂಬದಿಯಲ್ಲಿ ಸುಬ್ರಹ್ಮಣ್ಯ, ಹಿಂಬದಿಯಲ್ಲಿ ನರಸಿಂಹ. ಹಿಂದಿನ ರೂಪವೂ ಭಕ್ತರಿಗೆ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಒಂದು ರೂಪದ ಬೆನ್ನಿಗೆ ಇನ್ನೊಂದಿರುತ್ತದೆ ಎಂಬ ತಿಳಿವಳಿಕೆಯೊಂದಿಗೇ ಈ ಸೀಮೆಯ ಮಕ್ಕಳು ಬೆಳೆಯುತ್ತಾರೆ. ಕೈಮುಗಿದು ಹೊರಗೆ ಬಂದು ಕಲ್ಯಾಣಸೇವೆ ಕೊಳ್ಳುವಾಗ ನನಗೆ ಆ ಕನ್ನಡಿ ನೆನಪಾಗುತ್ತದೆ.

ಜಾತ್ರೆಯಲ್ಲಿ ಇನ್ನೊಬ್ಬ ಮಾಂತ್ರಿಕನಿರುತ್ತಿದ್ದ. ಉದ್ದನೆಯ ಬಿದಿರು ಗಳದ ತುದಿಗೆ ಬಣ್ಣಬಣ್ಣದ ಅಂಟು ಮಿಠಾಯಿಯನ್ನು ದಪ್ಪಗೆ ಸುತ್ತಿಕೊಂಡು, ಅದರ ಮೇಲೊಂದು ಚಪ್ಪಾಳೆ ತಟ್ಟುವ ಗೊಂಬೆ ಕೂರಿಸಿಕೊಂಡು ಬರುತ್ತಿದ್ದ. ಕಾಸು ಕೊಟ್ಟರೆ ಮಿಠಾಯಿಯನ್ನು ಎಳೆದು ತಿರುಚಿ, ಕ್ಷಣದಲ್ಲಿ ಕೈಗಡಿಯಾರ, ಉಂಗುರ, ಚೇಳು, ನವಿಲು ಮಾಡಿಕೊಡುತ್ತಿದ್ದ. ಗಡಿಯಾರವನ್ನು ಮಣಿಕಟ್ಟಿಗೇ ಅಂಟಿಸುತ್ತಿದ್ದ. ಸ್ವಲ್ಪ ಹೊತ್ತು ಮೆರೆದು ಆಮೇಲೆ ನೆಕ್ಕುತ್ತಿದ್ದೆವು. ನೋಡಿ ಸಾಕಾದ ಮೇಲೆ ತಿನ್ನುವುದು ಈ ತಿಂಡಿಗಳ ನಿಯಮ.

ಅಚ್ಚಿನೊಳಗಿನ ವಿದ್ಯೆ

ಹಳೇ ಮೈಸೂರು ಸೀಮೆಯಲ್ಲಿ ಈ ಕಲೆ ಅತಿ ಹೆಚ್ಚು ಬೆಳೆದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿದ ಎಳ್ಳಿನ ಜೊತೆಗೆ ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು ಇಟ್ಟು ಎಳ್ಳು ಬೀರುತ್ತಾರೆ. ಗಿಳಿ, ಆನೆ, ಮೀನು, ಗೋಪುರ, ತುಳಸಿಕಟ್ಟೆ, ಹಣ್ಣು, ಹೂವಿನ ಬುಟ್ಟಿ ಎಲ್ಲವೂ ಬಿಳಿ ಸಕ್ಕರೆಯಲ್ಲಿ ಮೂಡುತ್ತವೆ. ಉತ್ತರ ಕರ್ನಾಟಕದಲ್ಲಿ ಇದೇ ಕಲೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯಾಗಿದೆ. ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ.

ಅಚ್ಚು ಹುಯ್ಯುವುದನ್ನು ಕಂಡವರಿಗೆ ಅದು ಎಷ್ಟು ಸೂಕ್ಷ್ಮದ ಕೆಲಸ ಎಂದು ಗೊತ್ತು. ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಸಬೇಕು. ಇಲ್ಲದಿದ್ದರೆ ಒಣ ಮರ ಪಾಕವನ್ನು ಹಿಡಿದುಕೊಂಡು ಗಿಳಿಯ ಕೊಕ್ಕು ಮುರಿಯುತ್ತದೆ. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಎರಡು ಚಮಚ ಹಾಲು ಬಿಡುತ್ತಾರೆ. ಹಾಲು ಒಡೆದು, ಸಕ್ಕರೆಯ ಕೊಳೆಯನ್ನು ಕಟ್ಟಿಕೊಂಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದರೆ ಪಾಕ ಕನ್ನಡಿಯಂತಾಗುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಉಜ್ಜುತ್ತಾರೆ. ತಿಳಿಯಾಗಿದ್ದ ಪಾಕ ಮಬ್ಬಾಗಿ ಹಾಲಿನ ಬಣ್ಣಕ್ಕೆ ತಿರುಗುವ ಒಂದು ಗಳಿಗೆ ಇದೆ. ಆಗಲೇ ಸುರಿಯಬೇಕು. ಮೊದಲಾದರೆ ಗಟ್ಟಿಯಾಗುವುದಿಲ್ಲ, ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ.

ಆ ಗಳಿಗೆಯಲ್ಲಿ ನಡೆಯುವುದು ಇಷ್ಟು: ಬಿಸಿ ಪಾಕದಲ್ಲಿ ನೀರು ಸಾಮಾನ್ಯವಾಗಿ ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಕರಗಿರುತ್ತದೆ. ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹುಟ್ಟುತ್ತವೆ. ಅವೇ ಬೀಜವಾಗಿ ಉಳಿದ ಸಕ್ಕರೆಯನ್ನು ತಮ್ಮ ಸುತ್ತ ಸೇರಿಸಿಕೊಳ್ಳುತ್ತವೆ. ಹರಳು ಸಣ್ಣದಾದಷ್ಟೂ ಅಚ್ಚು ನುಣುಪು. ನಿಂಬೆರಸ ಒಂದೆರಡು ಹನಿ ಹೆಚ್ಚಾದರೆ ಸಕ್ಕರೆ ಗ್ಲೂಕೋಸು, ಫ್ರಕ್ಟೋಸುಗಳಾಗಿ ಒಡೆದು ಹರಳುಗಟ್ಟುವುದನ್ನೇ ಬಿಡುತ್ತದೆ. ಪುಷ್ಯ ಮಾಸದ ಒಣ ಚಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದ ತೇವದಲ್ಲಿ ಇದೇ ಅಚ್ಚು ಬೆವರುತ್ತದೆ. ರಸಾಯನಶಾಸ್ತ್ರದ ಪುಸ್ತಕ ತೆರೆಯದ ಅಜ್ಜಿಯರು ಇದನ್ನೆಲ್ಲ ಸೌಟಿನ ಸದ್ದಿನಿಂದ ಗುರುತಿಸುತ್ತಿದ್ದರು.

ಸಕ್ಕರೆಗೆ ವೇಷ ತೊಡಿಸುವ ಆಸೆ ಲೋಕದಲ್ಲೆಲ್ಲ ಇದೆ. ಇಟಲಿಯ ಸಿಸಿಲಿ ದ್ವೀಪದಲ್ಲಿ ಬಾದಾಮಿ ಪುಡಿ, ಸಕ್ಕರೆ ಕಲಸಿ ಕಿತ್ತಳೆ, ಅಂಜೂರಗಳನ್ನು ಅಸಲಿಯಂತೆಯೇ ಮಾಡಿ ಬಣ್ಣ ಬಳಿಯುತ್ತಾರೆ. ಪಲೆರ್ಮೋ ನಗರದ ಮಾರ್ತೊರಾನಾ ಎಂಬ ಕ್ರೈಸ್ತ ಸನ್ಯಾಸಿನಿಯರ ಮಠದ ಹೆಸರನ್ನೇ ಆ ಮಿಠಾಯಿ ಹೊತ್ತಿದೆ. ಜಪಾನಿನಲ್ಲಿ ಪುಡಿಗೆ ನೀರು ಬೆರೆಸಿ ಮಕ್ಕಳೇ ಪುಟ್ಟ ಸುಶಿ ಮಾಡಿಕೊಳ್ಳುವ ಮಿಠಾಯಿ ಪೆಟ್ಟಿಗೆಗಳು ಸಿಗುತ್ತವೆ. ನೋಡಲು ಅನ್ನ, ಮೀನು, ತಿಂದರೆ ಸಿಹಿ. ಇಂಗ್ಲಿಷಿನ 'ಶುಗರ್' ಸಂಸ್ಕೃತದ 'ಶರ್ಕರಾ'ದಿಂದ, 'ಕ್ಯಾಂಡಿ' ಸಂಸ್ಕೃತದ 'ಖಂಡ'ದಿಂದ ಪರ್ಷಿಯಾ, ಅರೇಬಿಯಾ ಸುತ್ತಿ ಹೋದ ಮಾತುಗಳು. ಸಕ್ಕರೆಯೂ ಅದರ ಹೆಸರೂ ಹೊರಟದ್ದು ಈ ನೆಲದಿಂದ. ಅದರ ಆಟವನ್ನು ಆಡಲು ನಾವು ಹೊರಗಿನಿಂದ ಪೆಟ್ಟಿಗೆ ತರಿಸಬೇಕಿಲ್ಲ.

ಹಲಸು ಎಂಬ ವೇಷಧಾರಿ

ತೂಬಗೆರೆಯ ಹೆಸರು ಬೆಂಗಳೂರಿನ ಹಣ್ಣಿನ ಮಾರುಕಟ್ಟೆಯಲ್ಲಿ ಕೇಳಿಬರುವುದು ಹಲಸಿನಿಂದ. ಹೊಲದ ಬದುವಿನಲ್ಲಿ ತಾತ, ಮುತ್ತಾತ ನೆಟ್ಟ ಮರಗಳು. ಒಂದೊಂದು ಮರದ್ದೂ ಒಂದೊಂದು ರುಚಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಇಲ್ಲಿ ಹಲಸು ಬೆಳೆಗಾರರ ಸಂಘವೂ ಹುಟ್ಟಿಕೊಂಡಿತು. ಮರದಡಿಯಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ಬೆಲೆ ತರುವ ಪ್ರಯತ್ನ ಅದು.

ಹಲಸಿನಷ್ಟು ಚೆನ್ನಾಗಿ ವೇಷ ಬದಲಿಸುವ ಇನ್ನೊಂದು ಫಲ ನಾನು ಕಾಣೆ. ಎಳೆಗಾಯಿಯನ್ನು ಮಸಾಲೆ ಅರೆದು ಸಾರು ಮಾಡಿದರೆ ಬಾಡೂಟದ ತುಂಡಿನಂತೆ ಹಲ್ಲಿಗೆ ಸಿಗುತ್ತದೆ. ಬಲಿತ ಕಾಯಿ ಚಿಪ್ಸಾಗುತ್ತದೆ, ಹಪ್ಪಳವಾಗುತ್ತದೆ. ಬೀಜ ಬೇಳೆಯ ಜೊತೆ ಬೆಂದು ಆಲೂಗಡ್ಡೆಯ ಜಾಗದಲ್ಲಿ ಕೂರುತ್ತದೆ. ಅದೇ ಕಾಯಿ ಹಣ್ಣಾದರೆ ಬೆಲ್ಲಕ್ಕೆ ಸವಾಲು. ಕರಾವಳಿ, ಮಲೆನಾಡಿನವರು ಈ ಹಣ್ಣಿನಲ್ಲಿ ಮಾಡುವ ಮುಳ್ಕ ನೋಡಲು ಥೇಟು ಬೋಂಡ. ಹಲಸಿನ ಹಣ್ಣಿನ ದೋಸೆ ಕಾವಲಿಯ ಮೇಲೆ ದೋಸೆಯೇ, ಬಾಯಲ್ಲಿ ಮಾತ್ರ ಹಬ್ಬದ ಸಿಹಿ. ಖಾರದ ರೂಪದಲ್ಲಿ ಸಿಹಿ ಬಡಿಸುವ ಪಾಠವನ್ನು ಈ ಮರ ಯಾವತ್ತಿನಿಂದಲೋ ಹೇಳಿಕೊಡುತ್ತಿದೆ.

ನಕಲಿಗೂ ಅಸಲು ಗೊತ್ತಿರಬೇಕು

ಈ ಆಟವನ್ನು ಮನೆಯ ಮಕ್ಕಳೊಂದಿಗೆ ಆಡಿ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ಬೆಲ್ಲದಲ್ಲಿ ಒಂದು ಕೋಡುಬಳೆ ಮಾಡಬೇಕಾದರೆ ನಿಜವಾದ ಕೋಡುಬಳೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಎಷ್ಟು ದಪ್ಪ? ತುದಿಗಳು ಒಂದಕ್ಕೊಂದು ತಾಕುತ್ತವೆಯೇ, ಒಂದರ ಮೇಲೊಂದು ಕೂರುತ್ತವೆಯೇ? ಕೆಂಪಿನ ನಡುವೆ ಕಾಣುವ ಚುಕ್ಕೆ ಯಾವುದರದ್ದು? ಚಕ್ಕುಲಿಯ ಮುಳ್ಳು ಎಲ್ಲಿಂದ ಬಂತು? ಇಡ್ಲಿಯ ಬೆನ್ನು ಉಬ್ಬಿ ಅಂಚು ತೆಳ್ಳಗಿರುವುದು ಏಕೆ? ದಿನಾ ತಿನ್ನುವವರಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ. ನಕಲು ಮಾಡಲು ಕೂತವರಿಗೆ ಹೊಳೆಯದೆ ಬೇರೆ ದಾರಿಯಿಲ್ಲ.

ನಾವು ಇಷ್ಟು ಸಲೀಸಾಗಿ ತಿಂದು ಮರೆಯುವ ಇಡ್ಲಿಯ ವಂಶ ಬಹು ಹಳೆಯದು. ಸುಮಾರು ಕ್ರಿ.ಶ. 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಬರುತ್ತದೆ. 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಸಾವಿರ ವರ್ಷ ಕೈಯಿಂದ ಕೈಗೆ ಬಂದ ಅಡುಗೆ ಇದು. ಪಿಜ್ಜಾದ ತ್ರಿಕೋನವನ್ನು ಕಣ್ಣು ಮುಚ್ಚಿ ಬಿಡಿಸುವ ಮಗುವಿಗೆ ಕೋಡುಬಳೆಯ ತುದಿ ಹೇಗೆ ಕೂಡುತ್ತದೆಂದು ತಿಳಿಯದಿದ್ದರೆ ತಪ್ಪು ಮಗುವಿನದಲ್ಲ. ನಾವು ಅದರ ಕೈಗೆ ಹಿಟ್ಟು ಕೊಡಲಿಲ್ಲ. ಖಾರದ ತಿಂಡಿಗಾದರೆ ಕಾದ ಎಣ್ಣೆ, ಮಕ್ಕಳು ದೂರ ನಿಲ್ಲಬೇಕು. ಸಿಹಿಯ ನಕಲಿಗೆ ಪಾಕ ಹಿಡಿಯುವ ಕೆಲಸ ದೊಡ್ಡವರು ಮುಗಿಸಿಕೊಟ್ಟರೆ, ಆಮೇಲಿನದೆಲ್ಲ ಮಕ್ಕಳ ಬೆರಳಿನದು.

ಮಾಡಿ ನೋಡಿ

*ಹುರಿಹಿಟ್ಟಿನ ಮುದ್ದೆ, ಹಲಸಿನ ಸಾರು:* ರಾಗಿ ಅರಳಿಸಿ ಬೀಸಿದ ಹುರಿಹಿಟ್ಟು ಎರಡು ಲೋಟ, ಪುಡಿ ಮಾಡಿದ ಬೆಲ್ಲ ಒಂದು ಲೋಟ, ತುಪ್ಪ ಮೂರು ಚಮಚ, ಏಲಕ್ಕಿ. ಉಗುರುಬೆಚ್ಚಗಿನ ಹಾಲನ್ನು ಚೂರುಚೂರೇ ಚಿಮುಕಿಸಿ ಕಲಸಿ. ಅಂಗೈಗೆ ತುಪ್ಪ ಸವರಿ ಉರುಳಿಸಿದರೆ ಈಗತಾನೆ ತೊಳಸಿ ಕಟ್ಟಿದ ಮುದ್ದೆಯ ಹೊಳಪು ಬರುತ್ತದೆ. ಸಾರು ನಿಲ್ಲಲು ಹೆಬ್ಬೆರಳಿನಿಂದ ಗುಳಿ ಒತ್ತಿ. ಹಲಸಿನ ತೊಳೆಗಳನ್ನು ರುಬ್ಬಿ, ಸ್ವಲ್ಪ ಬೆಲ್ಲ, ತೆಂಗಿನ ಹಾಲು ಸೇರಿಸಿ ಒಂದು ಕುದಿ ಕುದಿಸಿದರೆ ಬೇಳೆ ಸಾರಿನ ಬಣ್ಣವೇ. ಮೇಲೆ ತುಪ್ಪದಲ್ಲಿ ಸಿಡಿಸಿದ ಕರಿ ಎಳ್ಳು ಹಾಕಿ. ಸಾಸಿವೆ ಒಗ್ಗರಣೆ ಎಂದು ಯಾರಾದರೂ ನಂಬುತ್ತಾರೆ.

*ಹಲಸಿನ ಕೋಡುಬಳೆ:* ಮೆತ್ತನೆಯ ತೊಳೆಗಳನ್ನು ರುಬ್ಬಿ, ದಪ್ಪ ತಳದ ಬಾಣಲೆಯಲ್ಲಿ ಅರ್ಧದಷ್ಟು ಬೆಲ್ಲ ಹಾಕಿ ಕೈಬಿಡದೆ ಮಗುಚಿ. ಬಾಣಲೆ ಬಿಟ್ಟು ಉಂಡೆಯಾಗಿ ಬಂದಾಗ ತುಪ್ಪ ಹಾಕಿ ಇಳಿಸಿ. ಆರಿದ ಮೇಲೆ ಹುರಿಗಡಲೆ ಹಿಟ್ಟು ಹಿಡಿಸುವಷ್ಟು ಕಲಸಿ, ಹುರಿದ ಕೊಬ್ಬರಿ ತುರಿ ಬೆರೆಸಿ. ಚುಕ್ಕೆ ಕಾಣುವುದು ಅದರಿಂದ. ಕೆಂಪು ಸಾಲದಿದ್ದರೆ ಬೀಟ್‌ರೂಟ್ ರಸ ನಾಲ್ಕು ಹನಿ. ಕಿರುಬೆರಳಿನ ದಪ್ಪಕ್ಕೆ ಹೊಸೆದು, ಬಳೆ ಮಾಡಿ, ಬಾಳೆಎಲೆಯ ಮೇಲೆ ನೆರಳಿನಲ್ಲಿ ಆರಿಸಿ. ಕರಿಯುವ ಕೆಲಸವಿಲ್ಲ.

*ಕೊಬ್ಬರಿ ಮಿಠಾಯಿಯ ಇಡ್ಲಿ, ಚಟ್ನಿ:* ಬಿಳಿ ಭಾಗವನ್ನಷ್ಟೇ ತುರಿದ ತೆಂಗಿನಕಾಯಿ ಎರಡು ಲೋಟ, ಸಕ್ಕರೆ ಒಂದೂವರೆ ಲೋಟ, ಹಾಲು ಅರ್ಧ ಲೋಟ. ತುರಿಯನ್ನು ಒಂದು ಸುತ್ತು ರುಬ್ಬಿಕೊಂಡು ಎಲ್ಲವನ್ನೂ ಸೇರಿಸಿ ಮಗುಚಿ. ಗಟ್ಟಿಯಾಗಿ ಬದಿ ಬಿಡುವಾಗ ತುಪ್ಪ ಸವರಿದ ಪುಟ್ಟ ಇಡ್ಲಿ ತಟ್ಟೆಗೆ ಒತ್ತಿ, ಆರಿದ ಮೇಲೆ ಎಬ್ಬಿಸಿ. ನೆನೆಸಿದ ಗೋಡಂಬಿಯನ್ನು ಪಾಲಕ್ ಸೊಪ್ಪಿನ ರಸದೊಂದಿಗೆ ರುಬ್ಬಿ, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕಾಯಿಸಿದರೆ ಹಸಿರು ಚಟ್ನಿ. ಒಣಮೆಣಸಿನಕಾಯಿಯ ಚೂರಿನ ಜಾಗಕ್ಕೆ ಬೀಟ್‌ರೂಟ್‌ನ ಸಣ್ಣ ಚೂರು.

ಆಟಕ್ಕೂ ಕಟ್ಟಳೆ

ವೇಷದ ತಿಂಡಿಗೆ ಕೆಲವು ಕಟ್ಟಳೆಗಳಿವೆ. ಮೊದಲನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ (ಕಾಟನ್ ಕ್ಯಾಂಡಿ) ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನೂ ನಿಷೇಧಿಸಿತು. ಮಿಠಾಯಿಯಲ್ಲಿ ರೋಡಮೈನ್–ಬಿ ಎಂಬ ಅಪಾಯಕಾರಿ ಬಣ್ಣ ಸಿಕ್ಕಿತ್ತು. ಸಿಹಿಗೂ ಖಾರಕ್ಕೂ ಒಂದೇ ದಿನ ಬಂದ ಆ ಆದೇಶ ನಮ್ಮ ಆಟಕ್ಕೆ ನೇರ ಪಾಠ. ಅರಿಸಿನ, ಬೀಟ್‌ರೂಟ್, ಪಾಲಕ್, ರಾಗಿ, ಕರಿ ಎಳ್ಳು: ಇಷ್ಟರಲ್ಲೇ ನಮ್ಮ ತಟ್ಟೆಯ ಬಣ್ಣಗಳೆಲ್ಲ ಸಿಗುತ್ತವೆ.

ಎರಡನೆಯದು, ಯಾವುದರ ವೇಷ ಎಂಬುದು. ಸಿಗರೇಟಿನ ಆಕಾರದ ಪೆಪ್ಪರ್‌ಮೆಂಟು ಬಾಯಲ್ಲಿಟ್ಟುಕೊಂಡು ಹೊಗೆ ಬಿಡುವಂತೆ ನಟಿಸಿದ ತಲೆಮಾರು ನಮ್ಮದು. ಭಾರತ 2004ರಲ್ಲಿ ಅಂಗೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ, ಮಕ್ಕಳನ್ನು ಸೆಳೆಯುವ ಅಂಥ ಮಿಠಾಯಿಗಳ ತಯಾರಿಕೆ, ಮಾರಾಟಗಳ ತಡೆಗೆ 16ನೇ ವಿಧಿಯಲ್ಲೇ ಜಾಗ ಕೊಟ್ಟಿದೆ. ಮಗುವಿನ ಕೈ ಯಾವ ಆಕಾರವನ್ನು ಅಭ್ಯಾಸ ಮಾಡುತ್ತದೋ ಅದು ಮನಸ್ಸಿನಲ್ಲೂ ಉಳಿಯುತ್ತದೆ. ಉಳಿಯುವುದಾದರೆ ಚಕ್ಕುಲಿ ಉಳಿಯಲಿ.

ಮೂರನೆಯದು, ಮನೆಗೆ ಬಂದವರ ಮೈ. ಸಕ್ಕರೆ ಕಾಯಿಲೆ ಇರುವ ಹಿರಿಯರು ಇಡ್ಲಿ ಎಂದು ನಂಬಿ ಎರಡು ತಿಂದುಬಿಟ್ಟರೆ ಅದು ಆಟವಲ್ಲ. ಗೋಡಂಬಿ, ಕಡಲೆಕಾಯಿ ಒಗ್ಗದವರೂ ಇರುತ್ತಾರೆ. ಅಂಥವರ ಕಿವಿಯಲ್ಲಿ ಗುಟ್ಟನ್ನು ಮೊದಲೇ ಹೇಳಿ, ಅವರನ್ನೂ ಆಟದ ಕಡೆಯವರನ್ನಾಗಿ ಮಾಡಿಕೊಳ್ಳಬೇಕು. ಇನ್ನೊಬ್ಬರ ಮುಖದ ಅಚ್ಚರಿ ನೋಡುವ ಪಾಲು ಅವರಿಗೂ ಸಿಗುತ್ತದೆ.

ಕೊನೆಗೆ ಒಲೆ ಹೊತ್ತಿತು

ಕಳೆದ ಹಲಸಿನ ಕಾಲದಲ್ಲಿ ಅಕ್ಕನ ಮಗಳು ರಜೆಗೆ ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. ತೂಬಗೆರೆಯಿಂದ ತಂದ ಹಣ್ಣಿನಲ್ಲಿ ಕೋಡುಬಳೆ ಮಾಡಲು ಕೂತೆವು. ಹೊಸೆಯುವುದು ಬಂತು, ಬಾಗಿಸುವುದು ಬಂತು, ತುದಿ ಕೂಡಿಸುವ ಹೊತ್ತಿಗೆ ನಿಂತಳು. "ಮಾವ, ಇದು ಹಿಂಗೆ ಪಕ್ಕಪಕ್ಕ ಅಂಟುತ್ತಾ, ಮೇಲೆ ಕೂರುತ್ತಾ?" ಎಂದು ಕೇಳಿದಳು. ನೂರಾರು ಕೋಡುಬಳೆ ತಿಂದ ನನಗೂ ಆ ಗಳಿಗೆಯಲ್ಲಿ ಖಚಿತವಾಗಿ ಹೇಳಲಾಗಲಿಲ್ಲ.

ಅಮ್ಮನನ್ನು ಕೇಳಿದೆವು. ಅಮ್ಮ ಬಾಯಲ್ಲಿ ಹೇಳಲು ಹೋಗಿ, ಸರಿಯಾಗದೆ, ಎದ್ದು ಡಬ್ಬಿಯಿಂದ ಒಂದು ಹಿಡಿ ಅಕ್ಕಿಹಿಟ್ಟು ತೆಗೆದಳು. ಚೂರು ಹುರಿಗಡಲೆ ಹಿಟ್ಟು, ಅಚ್ಚಖಾರದ ಪುಡಿ, ಉಪ್ಪು, ಕಾದ ಎಣ್ಣೆ ಒಂದು ಚಮಚ. ನಾದಿ, ಹೊಸೆದು, ಒಂದು ತುದಿಯನ್ನು ಇನ್ನೊಂದರ ಮೇಲೆ ಕೂರಿಸಿ ಬೆರಳ ತುದಿಯಿಂದ ಒಮ್ಮೆ ಒತ್ತಿದಳು. "ನೋಡು ಪುಟ್ಟಿ, ಇಷ್ಟೇ. ಜೋರಾಗಿ ಒತ್ತಿದ್ರೆ ಎಣ್ಣೇಲಿ ಬಿರಿಯುತ್ತೆ." ಹುಡುಗಿ ಅದನ್ನು ನೋಡಿಕೊಂಡು ತನ್ನ ಬೆಲ್ಲದ ಬಳೆಗೂ ಹಾಗೇ ಒತ್ತಿದಳು.

ಮಾಡಿ ತೋರಿಸಿದ ಆ ಒಂದು ಖಾರದ ಬಳೆ ತಟ್ಟೆಯಲ್ಲಿ ಹಾಗೇ ಉಳಿಯಿತು. ಒಂದನ್ನೇ ಹೇಗೆ ಕರಿಯುವುದು ಎಂದು ಅಮ್ಮ ಇನ್ನೂ ಎರಡು ಲೋಟ ಹಿಟ್ಟು ಕಲಸಿದಳು. ಸಂಜೆ ಚಾವಡಿಯಲ್ಲಿ ಎರಡು ತಟ್ಟೆ ಇಟ್ಟೆವು, ಎರಡರಲ್ಲೂ ಕೋಡುಬಳೆ. ಬಂದವರಿಗೆ ಹುಡುಗಿಯೇ ಹಂಚಿದಳು. ಯಾವುದು ಯಾವುದೆಂದು ಯಾರಿಗೂ ಹೇಳಲಿಲ್ಲ. ಸಕ್ಕರೆ ಕಾಯಿಲೆಯ ತಾತನ ಕೈಗೆ ಮಾತ್ರ ಆರಿಸಿ ಖಾರದ್ದನ್ನೇ ಇಟ್ಟು, ಕಣ್ಣು ಮಿಟುಕಿಸಿದಳು.